ಮುತ್ಯಾನ ತ್ರೀನಾಟ್‌ತ್ರೀ

ಹೊಲ ಹಂಚಬಹುದು, ಬಾವಿ ನೀರಿಗೆ ಪಾಳಿ ಹಚ್ಚಬಹುದು, ಬಂಗಾರ ತಕ್ಕಡಿಗೆ ಹಾಕಬಹುದು. ಬಂದೂಕು ಮಾತ್ರ ವಾಟಣಿಗೆ ಬರುವ ಸಾಮಾನಲ್ಲ. ನಮ್ಮ ಸೋದರಮಾವ ತೀರಿಕೊಂಡ ಮೇಲೆ ಅವರ ಇಬ್ಬರು ಮಕ್ಕಳು ಪಂಚರನ್ನು ಕರೆಸದೆ, ದನಿ ಏರಿಸದೆ ಎಲ್ಲವನ್ನೂ ಪಾಲು ಮಾಡಿಕೊಂಡರು. ದೇವರ ಮನೆಯ ಮೂಲೆಯಲ್ಲಿ ಹಳೆ ಧೋತರದಲ್ಲಿ ಸುತ್ತಿಟ್ಟಿದ್ದ ಬಂದೂಕಿನ ಹತ್ತಿರ ಬಂದಾಗ ಇಬ್ಬರೂ ಸುಮ್ಮನಾದರು. ಹಿರಿಯವನಿಗೆ ಅದು ಬೇಕು, ಕಿರಿಯವನಿಗೆ ಅದರ ಬೆಲೆ ಬೇಕು. ಬೆಲೆ ಎಷ್ಟು ಅಂತ ಇಬ್ಬರಿಗೂ ಗೊತ್ತಿಲ್ಲ. ಅದು ಯಾವ ಬಂದೂಕು ಅನ್ನುವುದೂ ಖಾತ್ರಿಯಿಲ್ಲ. ಅಂಥ ಹೊತ್ತಿನಲ್ಲಿ ಮನೆತನಕ್ಕೆ ನೆನಪಾದವನು ನಾನು.

"ನೀ ಕಬ್ಬಿಣದಾಗ ಇರಾಂವ. ನಿನಗ ತಿಳೀತದ, ನೋಡಿ ಹೇಳು," ಅಂದ ಹಿರಿಯ.

ನಾನು ಕಬ್ಬಿಣದಲ್ಲಿ ಇರುವುದು ನಿಜ. ಸೋಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿಯ ಒಂದು ಟಾವೆಲ್ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಆಯುಷ್ಯ ಸವೆಸಿದವನು. (ಅಕ್ಕಲಕೋಟ ರೋಡ್ ಅಂತ ಒಂದು ರೈಲು ನಿಲ್ದಾಣವೂ ಇದೆ. ಅದು ಬೇರೆ, ಇದು ಬೇರೆ. ಹೊಸಬರು ಅಲ್ಲಿ ಇಳಿದು ನಮ್ಮನ್ನು ಹುಡುಕುವುದುಂಟು.) ಮಗ್ಗದ ಮುರಿದ ಗೇರು, ಸವೆದ ಬುಷ್, ಬಾಗಿದ ಶಾಫ್ಟ್ ಕೈಗೆ ಬಂದರೆ ಅದು ಮೊದಲು ಎಷ್ಟು ದಪ್ಪ ಇತ್ತು, ಯಾವ ಯಂತ್ರದ್ದು, ಯಾರು ಅದನ್ನು ಹಾಳು ಮಾಡಿದರು ಅಂತ ಓದುವುದು ನಮ್ಮ ಕಸುಬು. ಅಲ್ಲಿ ತೆಲುಗು ಪದ್ಮಶಾಲಿಗಳು ನೇಯುತ್ತಾರೆ, ಕಾಗದ ಮರಾಠಿಯಲ್ಲಿ ನಡೆಯುತ್ತದೆ, ಬೈಗುಳಕ್ಕೆ ಮಾತ್ರ ಎಲ್ಲರೂ ಕನ್ನಡಕ್ಕೆ ಬರುತ್ತಾರೆ. ಆದರೆ ಬಂದೂಕು ಬಿಚ್ಚಿ ನೋಡಿದವನು ನಾನಲ್ಲ. ಚಿಕ್ಕಂದಿನಲ್ಲಿ ಮಾವನ ಊರಿಗೆ ಹೋದಾಗ ಮುಟ್ಟಲಿಕ್ಕೂ ಬಿಟ್ಟಿರಲಿಲ್ಲ.

ಆ ಊರು ದುಧನಿ ಕಡೆಯದು. ಅಕ್ಕಲಕೋಟ ಸಂಸ್ಥಾನದ ಅಂಚು. ಹೊಲ ದಾಟಿದರೆ ನಿಜಾಮನ ಗುಲಬರ್ಗಾ ಜಿಲ್ಲೆ. ನಮ್ಮ ತಾಯಿಯ ತಂದೆ, ಅಂದರೆ ಮುತ್ಯಾ, ಸಂಸ್ಥಾನದ ಪೊಲೀಸಿನಲ್ಲಿ ಜಮಾದಾರರಾಗಿದ್ದರು. 1948ರ ಮಾರ್ಚ್ 8ಕ್ಕೆ ದಖ್ಖನದ ಉಳಿದ ಸಂಸ್ಥಾನಗಳ ಜೊತೆ ಅಕ್ಕಲಕೋಟವೂ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಗದ್ದಲದಲ್ಲಿ ಮುತ್ಯಾ ನೌಕರಿ ಬಿಟ್ಟು ಹಳ್ಳಿಗೆ ಬಂದರು, ಬರುವಾಗ ಬಂದೂಕೂ ಬಂತು. ಕದ್ದು ತಂದದ್ದಲ್ಲ, ಸಂಸ್ಥಾನದ ಮೊಹರು ಇರುವ ಮೋಡಿ ಲಿಪಿಯ ಕಾಗದ ಟ್ರಂಕಿನಲ್ಲಿ ಇತ್ತು. ಗಡಿ ಊರಿಗೆ ಆಗ ಬಂದೂಕು ಬೇಕೂ ಇತ್ತು. ಗಡಿಯಾಚೆ ನಿಜಾಮನ ಕಡೆಯ ರಜಾಕಾರರ ಹಾವಳಿ, ಈಚೆ ಸೋಲಾಪುರ ಜಿಲ್ಲೆಯ ಉದ್ದಕ್ಕೂ ಹೈದರಾಬಾದ್ ಚಳವಳಿಗಾರರ ಶಿಬಿರಗಳು. ಸೆಪ್ಟೆಂಬರ್ 13ಕ್ಕೆ ಸೈನ್ಯ ಸೋಲಾಪುರದಿಂದ ನಳದುರ್ಗದ ಹಾದಿ ಹಿಡಿದು ಒಳಗೆ ನುಗ್ಗಿ, 17ಕ್ಕೆ ನಿಜಾಮ ಶರಣಾಗುವ ತನಕ ಈ ಹಳ್ಳಿಗಳಲ್ಲಿ ರಾತ್ರಿ ಯಾರೂ ಪೂರ್ತಿ ಕಣ್ಣು ಮುಚ್ಚಿರಲಿಲ್ಲ ಅಂತ ನಮ್ಮವ್ವ ಹೇಳುತ್ತಿದ್ದಳು.

ಮನೆತನದ ಕಥೆ ಏನೆಂದರೆ, ಮುತ್ಯಾ ಒಂದು ರಾತ್ರಿ ಮಾಳಿಗೆ ಮೇಲಿಂದ ಹಳ್ಳದ ಆಚೆ ದಂಡೆಯ ಕುದುರೆ ಸವಾರನ ರುಮಾಲು ಹಾರಿಸಿದರು. "ತ್ರೀನಾಟ್‌ತ್ರೀ ಅದು. ಮೈಲಿ ದೂರ ಹೊಡೀತದ," ಅನ್ನುತ್ತಿದ್ದರು ಮಾಮಾ, ಪ್ರತಿ ಸಲ ಹಳ್ಳವನ್ನು ಒಂದಿಷ್ಟು ಅಗಲ ಮಾಡುತ್ತ. ಮಾಮಾ ಸ್ವತಃ ಗುಂಡು ಹಾರಿಸಿದ್ದನ್ನು ಕಂಡವರಿಲ್ಲ. ಖಂಡೇನವಮಿಗೆ ಹೊರಗೆ ತೆಗೆದು, ಎಣ್ಣೆ ಹಚ್ಚಿ, ಕುಡಗೋಲು ಕೊಡಲಿ ಕುಂಟೆಗಳ ಸಾಲಿನಲ್ಲಿ ಇಟ್ಟು, ವಿಭೂತಿ ಎಳೆದು, ಬನ್ನಿ ಪತ್ರಿ ಇಟ್ಟು ಒಳಗೆ ಇಡುತ್ತಿದ್ದರು. ಇನ್ನೊಂದು ಸಲ ಹೊರಗೆ ಬರುತ್ತಿದ್ದುದು ಚುನಾವಣೆಗೆ. ಆಚಾರಸಂಹಿತೆ ಜಾರಿಯಾಯಿತೆಂದರೆ ಠಾಣೆಯಿಂದ ಸುದ್ದಿ ಬರುತ್ತಿತ್ತು. ಮಾಮಾ ಎಸ್‌ಟಿ ಬಸ್ಸಿನಲ್ಲಿ ಅದನ್ನು ಮಗ್ಗುಲಲ್ಲಿ ನಿಲ್ಲಿಸಿಕೊಂಡು ಹೋಗಿ ಜಮೆ ಮಾಡಿ, ಫಲಿತಾಂಶದ ನಂತರ ಬಿಡಿಸಿಕೊಂಡು ಬರುತ್ತಿದ್ದರು. ಗ್ರಾಮ ಪಂಚಾಯತಿ, ಜಿಲ್ಲಾ ಪರಿಷತ್, ವಿಧಾನಸಭೆ, ಲೋಕಸಭೆ. ಬಂದೂಕು ನೋಡಿದಷ್ಟು ಚುನಾವಣೆ ಊರಿನ ಯಾವ ಪುಢಾರಿಯೂ ನೋಡಿರಲಿಕ್ಕಿಲ್ಲ.

ಪರವಾನಗಿ ಇದ್ದದ್ದು ಮಾಮಾನ ಹೆಸರಿನಲ್ಲಿ. ಅವರು ಹೋದ ದಿನವೇ ಅದು ಸತ್ತ ಹಾಗೆ. 1959ರ ಶಸ್ತ್ರ ಕಾಯ್ದೆಯ 21ನೇ ಕಲಮಿನ ಪ್ರಕಾರ ವಾರಸದಾರರು ತಡಮಾಡದೆ ಬಂದೂಕನ್ನು ಹತ್ತಿರದ ಠಾಣೆಗೋ ಪರವಾನಗಿ ಇರುವ ಬಂದೂಕಿನ ಅಂಗಡಿಗೋ ಜಮೆ ಮಾಡಬೇಕು. ತಂದೆಯ ಬಂದೂಕು ಮಗನ ಮನೆಯಲ್ಲಿ ಸುಮ್ಮನೆ ಇದ್ದರೂ ಅದು ಬೇಕಾಯದೆ. ಇದು ಬಹಳ ಮಂದಿಗೆ ಗೊತ್ತಿಲ್ಲ. ತೇರಾದಿನದ ಊಟ ಆಗಲಿ, ವಾಟಣಿ ಆಗಲಿ, ಆಮೇಲೆ ನೋಡೋಣ ಅಂತ ಕೂರುತ್ತಾರೆ. ನಮ್ಮವರೂ ಒಂದಿಷ್ಟು ಕೂತರು. ಆಮೇಲೆ ಠಾಣೆಗೆ ಬರೆದುಕೊಟ್ಟು, ಮರಣ ದಾಖಲೆ, ಪರವಾನಗಿ ಪುಸ್ತಕ ಹಿಡಿದು, ಸೋಲಾಪುರದ ಒಂದು ಅಂಗಡಿಗೆ ಒಯ್ದೆವು.

ಅಂಗಡಿ ಅಂದರೆ ಕಬ್ಬಿಣದ ಜಾಳಿಗೆಯ ಹಿಂದೆ ಒಂದು ಟೇಬಲ್ಲು, ಗೋಡೆಗೆ ಸರಪಳಿ ಹಾಯಿಸಿ ಬೀಗ ಹಾಕಿದ ಬಂದೂಕುಗಳು, ಮೂಲೆಯಲ್ಲಿ ವೈಸು. ಮಾಲೀಕರು ರಜಿಸ್ಟರು ಬರೆಯುವವರು. ಬಂದೂಕು ನೋಡುವವರು ಒಬ್ಬ ವಯಸ್ಸಾದ ಮಿಸ್ತ್ರಿ, ದಖ್ಖನಿ ಬೆರೆತ ಕನ್ನಡ. ಹಿರಿಯ ಧೋತರ ಬಿಚ್ಚುತ್ತ "ತ್ರೀನಾಟ್‌ತ್ರೀ ಅದರೀ," ಅಂದ. ಮಿಸ್ತ್ರಿ ಪುಸ್ತಕ ತೆರೆದು "ಇಲ್ಲಿ .410 ಸಿಂಗಲ್ ಬ್ಯಾರಲ್ ಅಂತ ಬರದದಲ್ಲ," ಅಂದರು. ಹಿರಿಯನ ಮುಖ ಇಳಿಯಿತು. .410 ಅಂದರೆ ಹಕ್ಕಿ ಹೊಡೆಯುವ ಸಣ್ಣ ಛರ್ರೆ ಬಂದೂಕು ಅಂತ ಅವನಿಗೂ ಗೊತ್ತು.

ಮಿಸ್ತ್ರಿ ಏನೂ ಹೇಳದೆ ಬಂದೂಕನ್ನು ತಿರುವಿ, ದಸ್ತೆ ಕೂಡುವ ಕಡೆ ಉಕ್ಕಿನ ಪಟ್ಟಿಯಿದೆಯಲ್ಲ, ಅದರ ಬಲ ಮಗ್ಗುಲನ್ನು ಸೀಮೆಎಣ್ಣೆಯ ಅರಿವೆಯಿಂದ ಒರೆಸಿದರು. ಎಷ್ಟು ಖಂಡೇನವಮಿಗಳ ಎಣ್ಣೆ ಕುಂಕುಮ ಅಲ್ಲಿ ಗಟ್ಟಿಯಾಗಿತ್ತೋ, ಅದೆಲ್ಲ ಕರಗಿ ಅಕ್ಷರ ಎದ್ದವು. ಮೇಲೆ ಕಿರೀಟ, ಕೆಳಗೆ ಜಿ.ಆರ್., ಅದರ ಕೆಳಗೆ ಎನ್‌ಫೀಲ್ಡ್, 1916, ಆಮೇಲೆ ಮೂರು ಗೀಟು ಮತ್ತು ಒಂದು ಚುಕ್ಕೆ. ಅಂದರೆ ಐದನೇ ಜಾರ್ಜ್ ದೊರೆಯ ಕಾಲದ್ದು, ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆಯದು, ಶಾರ್ಟ್ ಮ್ಯಾಗಜೀನ್ ಲೀ-ಎನ್‌ಫೀಲ್ಡ್ ಮೂರನೇ ಮಾದರಿ. ಆ ಚುಕ್ಕೆಗೂ ಅರ್ಥ ಇದೆ. 1907ರ ಮೂಲ ಮಾದರಿಯಲ್ಲಿ ಬಹು ದೂರಕ್ಕೆ ಗುಂಪಾಗಿ ಹೊಡೆಯಲಿಕ್ಕೆ ಮಗ್ಗುಲಲ್ಲಿ ಒಂದು ಗುರಿಯ ತಿರುಗಣೆ, ತೋಟೆ ಪೆಟ್ಟಿಗೆ ಮುಚ್ಚಲಿಕ್ಕೆ ಒಂದು ತಗಡು ಇರುತ್ತಿದ್ದವು. ಮೊದಲ ಮಹಾಯುದ್ಧದಲ್ಲಿ ಬಂದೂಕು ಸಾಲದಾದಾಗ ಅವನ್ನೆಲ್ಲ ಕೈಬಿಟ್ಟು ಬೇಗ ಬೇಗ ಮಾಡಿದರು. ಹಾಗೆ ಮಾಡಿದ್ದಕ್ಕೆ ಚುಕ್ಕೆ. ನಮ್ಮ ಕಾರ್ಖಾನೆಯಲ್ಲಿ ಆರ್ಡರು ಮೈಮೇಲೆ ಬಂದಾಗ ಯಾವ ಕೆಲಸ ಬಿಟ್ಟರೆ ನಡೆಯುತ್ತದೆ ಅಂತ ಸೂಪರ್‌ವೈಜರು ತಲೆ ಕೆರೆದುಕೊಳ್ಳುವುದು ನೆನಪಾಯಿತು.

ಹಿರಿಯನಿಗೆ ಜೀವ ಬಂತು. "ನಾ ಹೇಳಲಿಲ್ಲಾ?"

"ತಡೀ ಮಗಾ," ಅಂದರು ಮಿಸ್ತ್ರಿ. ಎಡ ಮಗ್ಗುಲು ಒರೆಸಿದರು. ಅಲ್ಲಿ ಬೇರೆ ಕೈಯ ಒತ್ತು: ಆರ್.ಎಫ್.ಐ., ಮತ್ತು .410. ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯದು. ಬೋಲ್ಟ್ ಎಳೆದು ತೆಗೆದರು, ತೋಟೆ ಪೆಟ್ಟಿಗೆ ಕಳಚಿದರು. ಹತ್ತು ತೋಟೆ ಕೂರಬೇಕಾದ ಜಾಗದಲ್ಲಿ ಕಟ್ಟಿಗೆಯ ತುಂಡೊಂದು ಬಿಗಿಯಾಗಿ ಬೆಣೆಯಂತೆ ಕೂತಿತ್ತು. ಅಂದರೆ ಒಂದೊಂದೇ ತೋಟೆ ಕೈಯಿಂದ ಇಟ್ಟು ಹೊಡೆಯಬೇಕು. ಆಮೇಲೆ ನಳಿಗೆಯನ್ನು ಟ್ಯೂಬ್‌ಲೈಟಿನ ಕಡೆ ಹಿಡಿದು ನನ್ನನ್ನು ಕರೆದರು. ನಾನು ಹಿಂದಿನಿಂದ ಕಣ್ಣಿಟ್ಟೆ. ತ್ರೀನಾಟ್‌ತ್ರೀ, ಅಂದರೆ .303 ನಳಿಗೆಯ ಒಳಗೆ ಐದು ಗೀರು ಎಡಕ್ಕೆ ತಿರುವಿಕೊಂಡು ಹೋಗಿರಬೇಕು. ಗುಂಡು ಬುಗುರಿಯಾಡುತ್ತ ನೆಟ್ಟಗೆ ಹೋಗುವುದು ಆ ಗೀರಿನಿಂದಲೇ. ಇಲ್ಲಿ ಏನೂ ಇಲ್ಲ. ಅಲ್ಲಲ್ಲಿ ತುಕ್ಕು ತಿಂದ ಕುಳಿ ಬಿಟ್ಟರೆ ತುದಿತನಕ ನುಣುಪು. ಕಿಸೆಯಲ್ಲಿದ್ದ ವರ್ನಿಯರ್ ತೆಗೆದು ಬಾಯಿ ಅಳೆದೆ. .303 ಆಗಿದ್ದರೆ 7.7 ಮಿಲಿಮೀಟರ್ ಹತ್ತಿರ ಬರಬೇಕು. ಬಂದದ್ದು 10.4.

ಹಾಗಾದರೆ ಮಾಮಾ ಹೇಳಿದ್ದು ಸುಳ್ಳೆ? ಪೂರ್ತಿ ಸುಳ್ಳಲ್ಲ. ಹುಟ್ಟುವಾಗ ಅದು ತ್ರೀನಾಟ್‌ತ್ರೀಯೇ. ಯುದ್ಧ ಮುಗಿದ ಮೇಲೆ ಸೈನ್ಯದ ಇಂಥ ಹಳೆ ಬಂದೂಕುಗಳನ್ನು ಇಶಾಪುರದಲ್ಲಿ ಗೀರಿಲ್ಲದ ನಳಿಗೆಯ ಮಸ್ಕೆಟ್ ಮಾಡಿ, ಪೊಲೀಸರಿಗೂ ಜೈಲು ಕಾವಲಿಗೂ ಕೊಟ್ಟರು. ತೋಟೆಯೂ ಬೇರೆ: .303 ತೋಟೆಯ ಹಿತ್ತಾಳೆಯ ಡಬ್ಬಿಯನ್ನೇ ಕುತ್ತಿಗೆ ಒತ್ತದೆ ನೆಟ್ಟಗೆ ಬಿಟ್ಟು, ಅದರಲ್ಲಿ ಸೀಸದ ಗುಂಡು ತುಂಬುತ್ತಿದ್ದರು. ಅಂಗಡಿಯಲ್ಲಿ ಸಿಗುವ .410 ಛರ್ರೆ ತೋಟೆ ಇದರ ಚೇಂಬರಿನಲ್ಲಿ ಸರಿಯಾಗಿ ಕೂರುವುದಿಲ್ಲ. .303 ತೋಟೆ ಹೊಡೆದರೆ ಗುಂಡು ನಳಿಗೆಯಲ್ಲಿ ಲಟಲಟ ಬಡಿದುಕೊಂಡು ಹೋಗಿ ಎಲ್ಲೋ ಬೀಳುತ್ತದೆ.

ಯಾಕೆ ಇಷ್ಟು ಖಟಪಟಿ? ಒಳ್ಳೆ ಬಂದೂಕನ್ನು ಕಷ್ಟಪಟ್ಟು ಕೆಟ್ಟದ್ದು ಮಾಡಿದ ಈ ಕೆಲಸ ನನ್ನನ್ನು ಬಹಳ ದಿನ ಕಾಡಿತು. ನಮ್ಮ ಕಸುಬಿನಲ್ಲಿ ಯಾರೂ ಅಂಥ ಆರ್ಡರು ಕೊಡುವುದಿಲ್ಲ. ಉತ್ತರ ಇರುವುದು 1857ರಲ್ಲಿ. ಆ ವರ್ಷದ ಸಿಪಾಯಿ ದಂಗೆಯ ಪೆಟ್ಟಿನ ನಂತರ ಆಂಗ್ಲರು ಕಲಿತ ಪಾಠ, ದೇಶಿ ಮನುಷ್ಯನ ಕೈಗೆ ತಮ್ಮ ಕೈಯಲ್ಲಿ ಇರುವುದಕ್ಕಿಂತ ಒಂದು ತೂಕ ಕಡಿಮೆಯ ಶಸ್ತ್ರ ಕೊಡಬೇಕು ಅನ್ನುವುದು. 1858ರಲ್ಲೇ ದೇಶಿ ಸಿಪಾಯಿಗಳಿಗಾಗಿ ಎನ್‌ಫೀಲ್ಡ್ ಬಂದೂಕಿನ ಗೀರು ತೆಗೆದ ಮಾದರಿ ಬಂತು. ಗೋರಾ ಸೈನ್ಯ ಮಾರ್ಟಿನಿ ಹಿಡಿದಾಗ ದೇಶಿ ಸೈನ್ಯಕ್ಕೆ ಹಳೆ ಸ್ನೈಡರ್. 1878ರಲ್ಲಿ ಲಿಟ್ಟನ್‌ನ ಶಸ್ತ್ರ ಕಾಯ್ದೆ ಬಂದು ಭಾರತೀಯರಿಗೆ ಪರವಾನಗಿ ಬೇಕು, ಯುರೋಪಿಯನ್ನರಿಗೆ ಬೇಡ ಅಂದಿತು. ಸೈನ್ಯಕ್ಕೆ ಮುಂದೆ ಸರಿಯಾದ ಬಂದೂಕು ಕೊಡುವುದು ಅನಿವಾರ್ಯವಾಯಿತು, ಫ್ರಾನ್ಸಿನ ಖಂದಕಗಳಲ್ಲಿ ಮಸ್ಕೆಟ್ ನಡೆಯುವುದಿಲ್ಲವಲ್ಲ. ಪೊಲೀಸರ ಮಟ್ಟಿಗೆ ಹಳೆ ಅನುಮಾನ ಉಳಿಯಿತು. ಗುಂಪಿನ ಮೇಲೆ ಹೊಡೆಯಲಿಕ್ಕೆ ಇಷ್ಟು ಸಾಕು. ಜನ ಕಸಿದುಕೊಂಡರೂ ಸೈನ್ಯದ ತೋಟೆ ಅದಕ್ಕೆ ಹೊಂದಬಾರದು. ಸೋಲಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1930ರ ಮೇ ತಿಂಗಳಲ್ಲಿ ಈ ಊರು ಸರಕಾರವನ್ನೇ ಓಡಿಸಿ ಕೆಲ ದಿನ ತನ್ನ ಕಾರಭಾರ ತಾನೇ ಮಾಡಿತ್ತು. ಮಾರ್ಶಲ್ ಲಾ ಹೇರಿ ಅದನ್ನು ಮಣಿಸಬೇಕಾಯಿತು. 1931ರ ಜನವರಿ 12ರಂದು ಯರವಡಾದಲ್ಲಿ ಗಲ್ಲಿಗೆ ಹೋದ ನಾಲ್ವರಲ್ಲಿ ಮಲ್ಲಪ್ಪ ಧನಶೆಟ್ಟಿ ನಮ್ಮ ಕನ್ನಡ ಮನೆಯವರು.

ಕುದುರೆ ಸವಾರನ ರುಮಾಲಿನ ಕಥೆ ಅಂಗಡಿಯಲ್ಲೇ ಮುಗಿಯಿತು. ಮಿಸ್ತ್ರಿಯ ಲೆಕ್ಕದಲ್ಲಿ ಇಂಥ ಮಸ್ಕೆಟು ನೂರು ಹೆಜ್ಜೆ ದಾಟಿದರೆ ಗುರಿ ದೇವರ ಮೇಲೆ. ನನಗೇನೋ ಇದರಿಂದ ಮುತ್ಯಾನ ಮೇಲಿನ ಗೌರವ ಹೆಚ್ಚಾಯಿತು. ರಜಾಕಾರರ ಕಡೆ ಏನೇನು ಇತ್ತೋ. ಈ ಮನುಷ್ಯ ಒಂದೊಂದೇ ತೋಟೆ ಇಡುವ, ನೆಟ್ಟಗೆ ಹೊಡೆಯದ ಬಂದೂಕು ಹಿಡಿದು ಮಾಳಿಗೆ ಮೇಲೆ ಕೂತಿದ್ದ. ಹಿರಿಯನಿಗೆ ಹಾಗನ್ನಿಸಲಿಲ್ಲ. ಅವನು ಅಳೆದದ್ದನ್ನು ಮತ್ತೊಮ್ಮೆ ಅಳೆಯಲು ಹೇಳಿದ.

"ಇರಲಿ, ಬೆಲೆ ಹೇಳ್ರಿ," ಅಂದ ಕಿರಿಯ. ಪುಣೆಯ ಕಂಪನಿಯವನು, ಅವನಿಗೆ ಗಾಡಿ ಹಿಡಿಯಬೇಕಿತ್ತು.

ನಮ್ಮ ದೇಶದಲ್ಲಿ ಬಂದೂಕಿನ ಬೆಲೆ ಬಂದೂಕಿನಲ್ಲಿ ಇರುವುದಿಲ್ಲ, ಅದು ಕಾಯ್ದೆಯ ಯಾವ ಖಾನೆಯಲ್ಲಿ ಬೀಳುತ್ತದೆ ಅನ್ನುವುದರಲ್ಲಿ ಇರುತ್ತದೆ. ಇಶಾಪುರದವರೇ ಮಾಡುವ .315 ರೈಫಲ್ಲನ್ನು ತೆಗೆದುಕೊಳ್ಳಿ. ನೋಡಲಿಕ್ಕೆ ಇದರ ತಮ್ಮ, ಅದೇ ಲೀ ಬೋಲ್ಟು. ಗೀರಿರುವ ನಳಿಗೆ, ದೂರಕ್ಕೆ ಹೊಡೆಯುತ್ತದೆ. ಆದರೂ ಅದು ಸಾಮಾನ್ಯ ಬೋರು. ಜಿಲ್ಲಾಧಿಕಾರಿಯೋ, ಸೋಲಾಪುರ ಶಹರದಲ್ಲಾದರೆ ಪೊಲೀಸ್ ಆಯುಕ್ತರೋ ಪರವಾನಗಿ ಕೊಡಬಹುದು, ಒಬ್ಬ ಪರವಾನಗಿದಾರ ಇನ್ನೊಬ್ಬನಿಗೆ ಮಾರಬಹುದು. .303 ನಿಷೇಧಿತ ಬೋರು, ಯಾಕೆಂದರೆ ಸರಕಾರಿ ತೋಟೆ ಅದರಲ್ಲಿ ಹೋಗುತ್ತದೆ. ಅದೇ ನಿಷೇಧಿತ ಬೋರುಗಳ ಯಾದಿಯಲ್ಲಿ, .303ರ ಪಕ್ಕದಲ್ಲೇ .410 ಮಸ್ಕೆಟ್ಟನ್ನೂ ಹೆಸರಿಸಿ ಬರೆದಿದ್ದಾರೆ. ಜನರ ಕೈಯಲ್ಲಿ ಅಪಾಯ ಆಗಬಾರದು ಅಂತ ಹಲ್ಲು ಕಿತ್ತ ಬಂದೂಕು, ಸ್ವತಂತ್ರ ಭಾರತದ ಕಾಯ್ದೆಯಲ್ಲಿ ಮತ್ತೆ ಅಪಾಯದ ಸಾಲಿಗೆ ಬಂತು. ಇಷ್ಟು ವರ್ಷ ಮಾಮಾನ ಪುಸ್ತಕ ನವೀಕರಣ ಆಗುತ್ತ ಬಂದದ್ದು ಹೇಗೆಂದರೆ, ಯಾವುದೋ ಕಾಲದ ಗುಮಾಸ್ತ .410 ಅಂಕೆ ಮಾತ್ರ ನೋಡಿ ಸಾಮಾನ್ಯ ಛರ್ರೆ ಬಂದೂಕು ಅಂತ ಬರೆದ. ಮುಂದಿನವರು ಹಿಂದಿನವರ ಅಕ್ಷರ ನಕಲು ಮಾಡಿದರು. ಪರವಾನಗಿಗಳೆಲ್ಲ ಗಣಕಯಂತ್ರಕ್ಕೆ ಏರಿ ಒಂದೊಂದಕ್ಕೂ ವಿಶಿಷ್ಟ ಸಂಖ್ಯೆ ಬಂದಾಗಲೂ ಅದೇ ಸಾಲು ಏರಿತು. ಬಂದೂಕನ್ನು ಯಾರೂ ತಿರುವಿ ನೋಡಲಿಲ್ಲ.

ನಿಷೇಧಿತ ಬೋರಿನ ಪರವಾನಗಿ ದಿಲ್ಲಿಯ ಗೃಹ ಮಂತ್ರಾಲಯದ ಕೈಯಲ್ಲಿ. ಅದು ಇಲ್ಲದವನಿಗೆ ಮಾರಲಾಗದು, ಇದ್ದವನು ಇಂಥ ಮಸ್ಕೆಟು ಕೊಳ್ಳಲಾರ. "ಗುಜರಿಗೆ ಹಾಕಿದರ ಸಹಿತ ನಾಲ್ಕು ಕಿಲೋ ಕಬ್ಬಿಣ, ಅದೂ ಕಾಯದೇಶೀರ ಇಲ್ಲ," ಅಂದರು ಮಾಲೀಕರು ರಜಿಸ್ಟರಿನಿಂದ ತಲೆ ಎತ್ತಿ. ಕಿರಿಯ ಮೊಬೈಲಿನಲ್ಲಿ ಅಮೆರಿಕದ ಸಂಗ್ರಾಹಕರ ವಿಷಯ ತೆಗೆದ. ಅಲ್ಲಿ ಇಂಥವಕ್ಕೆ ಕೇಳುವವರು ಇದ್ದಾರೆ. ಬೋಲ್ಟು, ನಳಿಗೆ, ಮುಂದಿನ ಟೋಪಿ ಎಲ್ಲದರ ಮೇಲೂ ಒಂದೇ ನಂಬರು ಇದ್ದರೆ ಬೆಲೆ ಏರುತ್ತದೆ. ನಮ್ಮದರ ಬೋಲ್ಟಿನ ನಂಬರು ಬೇರೆಯೇ ಇತ್ತು. ಇರಲಿ ಬಿಡಿ, ಒಂದೇ ಇದ್ದರೂ ಕಳಿಸುವುದು ಹೇಗೆ? 1972ರ ಪುರಾತನ ವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. 1916ರ ಮುದ್ರೆ ಅಲ್ಲಿ ಅಡ್ಡ ಬಂತು. ಹಾಗಾದರೆ ಪುರಾತನ ವಸ್ತು ಅಂತ ಮನೆಯಲ್ಲೇ ಇಟ್ಟುಕೊಳ್ಳೋಣ ಅಂದ ಹಿರಿಯ. ಶಸ್ತ್ರ ಕಾಯ್ದೆ 45ನೇ ಕಲಮಿನಲ್ಲಿ ಹಳೆ ಕಾಲದ ಬಂದೂಕಿಗೆ ಬಿಡುವು ಕೊಟ್ಟಿದೆ, ಆದರೆ ರಿಪೇರಿ ಮಾಡಿದರೂ ಹಾರಬಾರದು ಅನ್ನುವ ಷರತ್ತು ಇದೆ. ಮಿಸ್ತ್ರಿ ಬೋಲ್ಟು ಹಾಕಿ, ಖಾಲಿ ಚೇಂಬರಿನ ಮೇಲೆ ಘೋಡಾ ಒತ್ತಿದರು. ಟಕ್ ಅಂತ ಸ್ವಚ್ಛ ಸಪ್ಪಳ. ಹಾರದ ಬಂದೂಕಲ್ಲ ಇದು.

ಕೊಡಗಿನಲ್ಲಾಗಿದ್ದರೆ ಕಥೆ ಬೇರೆ ಇರುತ್ತಿತ್ತೋ ಏನೋ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ರಿಯಾಯಿತಿ ಇದೆ, 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದರು. ಹಿರಿಯ ಅದನ್ನೂ ಎಲ್ಲಿಂದಲೋ ಓದಿಕೊಂಡು ಬಂದು ಹೇಳಿದ. "ನಾವು ಕೊಡಗಿನಾಗ ಹುಟ್ಟಿಲ್ಲಪ್ಪ," ಅಂದರು ಅತ್ತಿ, ಮಾಮಾನ ಹೆಂಡತಿ.

ಈ ನಡುವೆ ಒಂದು ರವಿವಾರ ನಾನು ಹಿರಿಯನನ್ನು ಕರೆದುಕೊಂಡು ಅಕ್ಕಲಕೋಟದ ಹೊಸ ಅರಮನೆಗೆ ಹೋದೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಸಾವಿರಾರು ಮಂದಿಯಲ್ಲಿ ಅಲ್ಲಿಯ ಶಸ್ತ್ರಾಗಾರಕ್ಕೆ ತಿರುಗುವವರು ಕಡಿಮೆ. ಭೋಸಲೆ ಅರಸರು ಕೂಡಿಸಿಟ್ಟ ಕತ್ತಿ, ಕಠಾರಿ, ಬತ್ತಿ ಹಚ್ಚಿ ಹಾರಿಸುವ ತೋಡೇದಾರ ಬಂದೂಕು ಗೋಡೆ ತುಂಬ ಇವೆ. ಕುಸುರಿ ಕೆಲಸದವು, ಬೆಳ್ಳಿ ತಂತಿ ಬಡಿದವು. ನಮ್ಮ ಬಂದೂಕನ್ನು ಇಲ್ಲಿಗೆ ಕೊಟ್ಟರೆ ಹೇಗೆ ಅನ್ನುವುದು ನನ್ನ ವಿಚಾರ. ಸಂಸ್ಥಾನದ್ದು ಸಂಸ್ಥಾನಕ್ಕೆ ಹೋಗಲಿ. ಹಿರಿಯ ಒಂದು ಸುತ್ತು ಹಾಕಿ ಬಂದು "ಇವೆಲ್ಲಾ ರಾಜರ ಕೈಯಾಗಿನವು. ಮುತ್ಯಾಂದು ಇಲ್ಲಿ ಕೂಡಂಗಿಲ್ಲ," ಅಂದ. ಜಮಾದಾರನ ಮಸ್ಕೆಟಿಗೆ ಶಸ್ತ್ರಾಗಾರದಲ್ಲಿ ಜಾಗ ಸಿಗುವುದು ಕಷ್ಟ, ಅವನ ಮಾತು ಖರೆ. ನನ್ನನ್ನು ಕೇಳಿದರೆ, ನೋಡಬೇಕಾದದ್ದು ಅಂಥದ್ದೇ. ಕಠಾರಿಯ ಹಿಡಿಯ ಮೇಲಿನ ಹೂವಿಗಿಂತ ತೋಟೆ ಪೆಟ್ಟಿಗೆಯಲ್ಲಿ ಬಡಿದ ಆ ಕಟ್ಟಿಗೆ ತುಂಡು ರಾಜ್ಯ ನಡೆಸುವವರ ಮನಸ್ಸನ್ನು ಹೆಚ್ಚು ತೋರಿಸುತ್ತದೆ.

2016ರ ಶಸ್ತ್ರ ನಿಯಮಗಳಲ್ಲಿ ಬಂದೂಕನ್ನು ಕಾಯಂ ನಿಷ್ಕ್ರಿಯ ಮಾಡಿಸುವ ದಾರಿಯೂ ಇದೆ. ಹಿರಿಯ ಅದಕ್ಕೆ ಒಪ್ಪುವ ಹಂತಕ್ಕೆ ಬಂದಿದ್ದ. ನಾನೇ ಬೇಡ ಅಂದೆ. ಒಮ್ಮೆ ನಳಿಗೆ ಕೆಡಿಸಿದ್ದಾರೆ, ಈಗ ಉಳಿದದ್ದನ್ನೂ ಬೆಸುಗೆ ಹಾಕಿ ಗೂಟಕ್ಕೆ ತೂಗುವುದು ನನ್ನ ಕಣ್ಣಿಗೆ ಸೇರುವುದಿಲ್ಲ. ಕಡೆಗೆ ಇಬ್ಬರೂ ಸರಕಾರಕ್ಕೆ ಒಪ್ಪಿಸುವುದಾಗಿ ಬರೆದುಕೊಟ್ಟರು. ಅರ್ಜಿಯ ಕರಡು ಬರೆದವನು ನಾನು: ಮೂಲ .303, ನಂತರ .410 ಮಸ್ಕೆಟ್, ನುಣುಪು ನಳಿಗೆ, ಎನ್‌ಫೀಲ್ಡ್ 1916, ಇಶಾಪುರದ ಮುದ್ರೆ, ಬೋಲ್ಟಿನ ನಂಬರು ಬೇರೆ. ಗುಮಾಸ್ತರು ಇಷ್ಟೆಲ್ಲ ಯಾಕೆ ಅಂದರು. ಪುಸ್ತಕದಲ್ಲಿ ಇದ್ದ ಹಾಗೆ ಒಂದು ಸಾಲು ಸಾಕಂತೆ. ನಾನು ಪಟ್ಟು ಹಿಡಿದು ಪೂರ್ತಿ ಬರೆಸಿದೆ.

ಊರಿಗೆ ಹೋಗಿ ಅತ್ತಿಗೆ ರಸೀದಿ ತೋರಿಸಿದೆವು. ಬೇಜಾರಾಗುತ್ತದೆ ಅಂದುಕೊಂಡಿದ್ದೆ. "ಚಲೋ ಆತು ಬಿಡು," ಅಂದರು. "ಪಂಚಾಯತಿ ಇಲೆಕ್ಷನ್ ಬಂದದ. ನಿಮ್ಮ ಮಾಮಾ ಇದ್ದರ ಇಷ್ಟೊತ್ತಿಗೆ ಅದನ್ನ ಹೊತಗೊಂಡು ಬಸ್‌ಸ್ಟ್ಯಾಂಡಿನಾಗ ನಿಂತಿರ್ತಿದ್ರು. ಉಂಡು ಹೋಗ್ರಿ, ರೊಟ್ಟಿ ಬಡದೀನಿ."